ಎರಡು ಬಣ್ಣದ ಶೂ ಹಾಕಿದವನು ಗೂಢಚಾರನೇ?



ಇವತ್ತು ಒಂದು ಸಿನಿಮಾ ಕಥೆ ಹೇಳ್ತೀನಿ. ಹಳೇ ಸಿನಿಮಾ, ಅದೂ ಫ್ರೆಂಚ್ ಸಿನಿಮಾ. ‘ಏನ್ರೀ ಇದು, ನ್ಯೂಸ್ ಚಾನೆಲ್ ಹಾಕಿದ್ರೆ ಫ್ರಾನ್ಸಿನ ಸಿನಿಮಾ ಕಥೆ ಶುರು ಹಚ್ಕೊಂಡ’ ಅಂತ ರಿಮೋಟ್ ಎತ್ತಿಕೊಳ್ಳಬೇಡಿ. ಸ್ವಲ್ಪ ಹೊತ್ತು ಕೊಡಿ ಸಾಕು. ಈ ಕಥೆ ಪ್ಯಾರಿಸ್ಸಿನಲ್ಲಿ ಶುರುವಾಗಿ, ತಿರುವನಂತಪುರ ಸುತ್ತಿಕೊಂಡು, ನಮ್ಮ ಬೆಂಗಳೂರಿಗೇ ಬಂದು ನಿಲ್ಲುತ್ತೆ.

ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣ. ಫ್ರಾನ್ಸಿನ ಗೂಢಚಾರ ಇಲಾಖೆಯ ಒಬ್ಬ ಅಧಿಕಾರಿ ಬಂದಿಳಿಯುತ್ತಿರೋ ಪ್ರಯಾಣಿಕರ ಗುಂಪಿನಲ್ಲಿ ಕಣ್ಣಾಡಿಸುತ್ತಾ ನಿಂತಿದ್ದಾನೆ. ಅವನಿಗೆ ಮೇಲಿನವರಿಂದ ಬಂದಿರೋ ಆದೇಶ ಇಷ್ಟೇ: ಯಾರಾದರೂ ಒಬ್ಬನನ್ನ ಆರಿಸು. ಯಾರಾದರೂ ಸರಿ. ಹೆಸರು ಬೇಡ, ಊರು ಬೇಡ, ಹಿನ್ನೆಲೆ ಬೇಡ. ಇಂಥವನೇ ಅಂತಿಲ್ಲ. ಅವನು ಆ ಕಡೆ ನೋಡ್ತಾನೆ, ಈ ಕಡೆ ನೋಡ್ತಾನೆ. ಅಷ್ಟರಲ್ಲಿ ಎತ್ತರದ, ಕೆದರಿದ ಹೊಂಬಣ್ಣದ ಕೂದಲಿನ ಒಬ್ಬ ಮನುಷ್ಯ ಬರ್ತಾನೆ. ಕೈಯಲ್ಲಿ ಪಿಟೀಲಿನ ಪೆಟ್ಟಿಗೆ. ಕಾಲಲ್ಲಿ ಒಂದು ಕಪ್ಪು ಶೂ, ಇನ್ನೊಂದು ಕಂದು ಶೂ. ಆಯ್ತು, ಇವನೇ!

ಇವನು ಯಾರು? ಫ್ರಾಂಸ್ವಾ ಪೆರಾಂ ಅಂತ. ಆರ್ಕೆಸ್ಟ್ರಾದಲ್ಲಿ ಪಿಟೀಲು ಬಾರಿಸೋನು. ಮ್ಯೂನಿಕ್‌ನಲ್ಲಿ ಕಛೇರಿ ಮುಗಿಸಿಕೊಂಡು ವಾಪಸ್ ಬಂದಿದ್ದಾನೆ. ಅಲ್ಲಿ ಜೊತೆಗಾರರು ತಮಾಷೆಗೆ ಒಂದು ಶೂ ಬಚ್ಚಿಟ್ಟಿದ್ದಾರೆ, ಅದಕ್ಕೇ ಜೋಡಿ ತಪ್ಪಿದ ಶೂ. ಇಷ್ಟೇ ವಿಷಯ. ಆದರೆ ವಿಮಾನ ನಿಲ್ದಾಣದ ಬಾಗಿಲು ದಾಟೋ ಹೊತ್ತಿಗೆ ಇವನು ಪಿಟೀಲು ಬಾರಿಸೋನು ಅಲ್ಲ. ಫ್ರಾನ್ಸ್ ದೇಶದ ಮಹಾ ಗೂಢಚಾರ. ಅದು ಇವನೊಬ್ಬನಿಗೆ ಬಿಟ್ಟು ಮಿಕ್ಕವರಿಗೆಲ್ಲ ಗೊತ್ತು!

ಸಿನಿಮಾದ ಹೆಸರನ್ನ ಕನ್ನಡದಲ್ಲಿ ಹೇಳೋದಾದರೆ, ‘ಒಂದು ಕಪ್ಪು ಶೂ ಹಾಕಿದ ಉದ್ದನೆಯ ಹೊಂಗೂದಲಿನವನು’. 1972ರ ಡಿಸೆಂಬರ್‌ನಲ್ಲಿ ಬಂತು. ನಿರ್ದೇಶಕ ಈವ್ ರೋಬೇರ್. ಪೆರಾಂ ಪಾತ್ರಕ್ಕೆ ಪಿಯೇರ್ ರಿಷಾರ್. ಕಥೆ ಬರೆದೋನು ಫ್ರಾನ್ಸಿಸ್ ವೆಬೆರ್, ನಿರ್ದೇಶಕರ ಜೊತೆ ಕೂತು. ನಮ್ಮಲ್ಲಿ ‘ಭೇಜಾ ಫ್ರೈ’ ಅಂತ ಒಂದು ಹಿಂದಿ ಸಿನಿಮಾ ಬಂದಿತ್ತಲ್ಲ, 2007ರಲ್ಲಿ, ವಿನಯ್ ಪಾಠಕ್ ತಲೆ ತಿನ್ನೋದು? ಅದರ ಮೂಲವಾದ ಫ್ರೆಂಚ್ ಸಿನಿಮಾ ಕೂಡ ಇದೇ ವೆಬೆರ್ ಕೈಯದ್ದು. ಪಾಪದ ಮನುಷ್ಯನೊಬ್ಬನನ್ನ ದೊಡ್ಡವರ ಆಟದ ಮಧ್ಯೆ ತಂದು ಬಿಡೋದು ಈ ಮಹಾನುಭಾವನಿಗೆ ಮೊದಲಿನಿಂದಲೂ ಇಷ್ಟ.

ಸರಿ, ಯಾಕೆ ಈ ನಾಟಕ? ಗೂಢಚಾರ ಇಲಾಖೆಗೆ ಯಾರೋ ಒಬ್ಬ ದಾರಿಹೋಕ ಯಾಕೆ ಬೇಕಾಯ್ತು?

ಕುರ್ಚಿಗೋಸ್ಕರ ಸ್ವಾಮಿ, ಕುರ್ಚಿಗೋಸ್ಕರ!

ಇಲಾಖೆಯ ಮುಖ್ಯಸ್ಥ ಕರ್ನಲ್ ತುಲೂಸ್. ಅವನ ಕೆಳಗೆ ಮಿಲಾನ್ ಅಂತ ಒಬ್ಬ. ಈ ಮಿಲಾನ್‌ಗೆ ಮೇಲಿನವನ ಸೀಟ್ ಮೇಲೆ ಕಣ್ಣು. ನ್ಯೂಯಾರ್ಕ್‌ನಲ್ಲಿ ಹೆರಾಯಿನ್ ಸಾಗಿಸ್ತಾ ಒಬ್ಬ ಫ್ರೆಂಚ್ ಮನುಷ್ಯ ಸಿಕ್ಕಿಬೀಳ್ತಾನೆ, ‘ನಾನು ಫ್ರಾನ್ಸಿನ ಗೂಢಚಾರ ಇಲಾಖೆಗೇ ಕೆಲಸ ಮಾಡ್ತಿದ್ದೆ’ ಅಂತ ಬಾಯಿಬಿಡ್ತಾನೆ. ಹಗರಣ. ತುಲೂಸ್ ಕುರ್ಚಿ ಅಲ್ಲಾಡುತ್ತೆ. ಅಲ್ಲಾಡಿಸ್ತಾ ಇರೋದು ಮಿಲಾನ್ ಅಂತ ತುಲೂಸ್‌ಗೆ ಗೊತ್ತು. ತನ್ನ ಮಾತನ್ನೆಲ್ಲ ಮಿಲಾನ್ ಕದ್ದು ಕೇಳಿಸಿಕೊಳ್ತಾ ಇದ್ದಾನೆ ಅನ್ನೋದೂ ಗೊತ್ತು. ಬೇರೆಯವನಾಗಿದ್ದರೆ ಮೈಕ್ ಕಿತ್ತು ಬಿಸಾಕಿ ಕೂಗಾಡ್ತಿದ್ದ. ತುಲೂಸ್ ಹಾಗೆ ಮಾಡಲ್ಲ. ಆ ಮೈಕ್‌ಗೇ ಕೇಳಿಸೋ ಹಾಗೆ ಹೇಳ್ತಾನೆ: ಈ ಹಗರಣದ ಸತ್ಯ ಬಯಲು ಮಾಡೋಕೆ ಒಬ್ಬ ದೊಡ್ಡ ಏಜೆಂಟ್ ಬರ್ತಿದ್ದಾನೆ, ಓರ್ಲಿಯಲ್ಲಿ ಇಳೀತಾನೆ.

ಅಂಥ ಏಜೆಂಟ್ ಯಾರೂ ಇಲ್ಲ. ಇಲ್ಲದೇ ಇರೋ ಏಜೆಂಟ್‌ಗೆ ಒಂದು ಮುಖ ಬೇಕು, ಅಷ್ಟೇ. ಅದಕ್ಕೇ ಗುಂಪಿನಿಂದ ಒಬ್ಬನನ್ನ ಎತ್ತಿಕೊಂಡದ್ದು. ಮಿಲಾನ್ ಇವನ ಹಿಂದೆ ಬೀಳಲಿ, ಬಿದ್ದು ಏಳಲಿ, ತನ್ನ ಗೋರಿ ತಾನೇ ತೋಡಿಕೊಳ್ಳಲಿ ಅನ್ನೋದು ಲೆಕ್ಕಾಚಾರ. ಈ ಮಧ್ಯೆ ಪಿಟೀಲಿನವನ ಗತಿ ಏನು? ಅದನ್ನ ಯಾರೂ ಕೇಳಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಈ ಕೂಸಿಗೆ ಅಪ್ಪ ಅಮ್ಮ ಯಾರು ಅಂತಲೂ ಗೊತ್ತಿಲ್ಲ.

ಇಲ್ಲಿಂದ ಮುಂದೆ ನೋಡಿ ಮಜಾ.

ಮಿಲಾನ್ ಮೊದಲು ನೋಡೋದು ಶೂ. ಒಂದು ಕಪ್ಪು, ಒಂದು ಕಂದು. ಯಾಕೆ? ಯಾರಿಗಾದರೂ ಸನ್ನೆಯಾ? ಸುಮ್ಮನೆ ಯಾರಾದರೂ ಎರಡು ಬಣ್ಣದ ಶೂ ಹಾಕ್ತಾರಾ? ಆಮೇಲೆ ಪೆರಾಂ ಹಲ್ಲು ತೋರಿಸೋಕೆ ಡೆಂಟಿಸ್ಟ್ ಹತ್ತಿರ ಹೋಗ್ತಾನೆ. ಇವರೂ ಹಿಂದೆ ಹೋಗ್ತಾರೆ. ಮನೆಗೆ ನುಗ್ಗಿ ಜಾಲಾಡ್ತಾರೆ. ಮೂಲೆ ಮೂಲೆಗೆ ಮೈಕ್ ಇಡ್ತಾರೆ. ಅವನ ಪಿಟೀಲು ಕೇಳ್ತಾರೆ, ಫೋನ್ ಕೇಳ್ತಾರೆ, ಕೊನೆಗೆ ಮಲಗೋ ಕೋಣೆಯ ಸದ್ದೂ ಕೇಳ್ತಾರೆ. ಮನೆ ತುಂಬ ಏನಿದೆ? ಸಂಗೀತಗಾರನ ಮನೆಯಲ್ಲಿ ಇರೋದೇ ಇದೆ. ಏನೂ ಸಿಗಲ್ಲ.

ಏನೂ ಸಿಗದಿದ್ದರೆ ನೀವು ನಾವು ಏನಂತೀವಿ? ಪಾಪ, ಏನಿಲ್ಲ ಬಿಡಿ, ಅಂತೀವಿ. ಮಿಲಾನ್ ಹಾಗನ್ನಲ್ಲ. ಏನೂ ಸಿಗದಂತೆ ಬದುಕಬೇಕಾದರೆ ಇವನೆಷ್ಟು ಪಳಗಿದ ಗೂಢಚಾರ ಇರಬೇಕು ಅಂತಾನೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೆ ಇದೆ ನಮ್ಮಲ್ಲಿ. ಮುಟ್ಟಿ ನೋಡಿಕೊಂಡರೆ ಕಳ್ಳ. ಮಿಲಾನ್ ಲೆಕ್ಕದಲ್ಲಿ ಮುಟ್ಟಿ ನೋಡಿಕೊಳ್ಳದೇ ಇದ್ದರೆ ಅವನು ಟ್ರೈನಿಂಗ್ ಆದ ಕಳ್ಳ. ಈಗ ಹೇಳಿ, ಈ ಮನುಷ್ಯ ತಾನು ಕಳ್ಳ ಅಲ್ಲ ಅಂತ ಸಾಬೀತು ಮಾಡೋದು ಹೇಗೆ? ದಾರಿಯೇ ಇಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ಮಿಲಾನ್‌ಗೆ ಹಳದಿ ಕಾಣದೇ ಇದ್ದರೂ ಅನುಮಾನ, ಬಣ್ಣ ಮುಚ್ಚಿಟ್ಟಿದ್ದಾನೆ ಅಂತ.

ಇಡೀ ಸಿನಿಮಾ ನಿಂತಿರೋದು ಈ ಒಂದು ಹಲಗೆ ಮೇಲೆ.

ಆ್ಯಕ್ಷನ್ ಇಲ್ಲ ಅಂದ್ಕೋಬೇಡಿ. ಗುಂಡು ಹಾರುತ್ತೆ, ಹೆಣ ಬೀಳುತ್ತೆ. ಮಿಲಾನ್ ಕಡೆಯವರು, ತುಲೂಸ್ ಕಡೆಯವರು ಪೆರಾಂ ಮನೆಯಲ್ಲೇ ಒಬ್ಬರನ್ನೊಬ್ಬರು ಹೊಡೆದು ಹಾಕ್ತಾರೆ. ಪೆರಾಂಗೆ ಮಾತ್ರ ಇದ್ಯಾವುದರ ಗೊಡವೆ ಇಲ್ಲ. ಪಕ್ಕದ ಕೋಣೆಯಲ್ಲಿ ಹೆಣ, ಈ ಕೋಣೆಯಲ್ಲಿ ಅವನ ಪ್ರೇಮ ಪ್ರಸಂಗ. ಹೆಣ ಕಾಣೋದು ಅವನ ಗೆಳೆಯ ಮೋರಿಸ್‌ಗೆ. ಕಂಡು ಬೆಚ್ಚಿ, ಮತ್ತೆ ಬಂದು ನೋಡಿದ್ರೆ ಹೆಣ ಮಾಯ. ಪಾಪ ಮೋರಿಸ್‌ಗೆ ತನಗೇ ತಲೆ ಕೆಟ್ಟಿದೆ ಅನ್ನೋ ಗುಮಾನಿ ಶುರುವಾಗುತ್ತೆ.

ಈ ಮೋರಿಸ್ ಬಗ್ಗೆ ಒಂದು ನಿಮಿಷ ಹೇಳಬೇಕು. ಪೆರಾಂ ಏನೂ ಸತ್ಯಹರಿಶ್ಚಂದ್ರ ಅಲ್ಲ ವೀಕ್ಷಕರೇ. ಇದೇ ಗೆಳೆಯನ ಹೆಂಡತಿ ಜೊತೆ ಅವನಿಗೆ ಸಂಬಂಧ ಇದೆ. ಗೂಢಚಾರರು ಇಟ್ಟ ಮೈಕ್‌ಗೆ ಆ ಗುಟ್ಟೂ ಸಿಗುತ್ತೆ. ರಸ್ತೆಯಲ್ಲಿ ಹೋಗ್ತಿದ್ದ ಮೋರಿಸ್ ಕಿವಿಗೆ, ಗೂಢಚಾರರ ವ್ಯಾನಿನೊಳಗಿಂದ, ತನ್ನ ಹೆಂಡತಿಯ ದನಿ ಬೀಳುತ್ತೆ. ಥಿಯೇಟರ್‌ನಲ್ಲಿ ಎಲ್ಲರೂ ನಕ್ಕಿರ್ತಾರೆ. ನಾನೂ ನಕ್ಕೆ. ಆದರೆ ಯೋಚನೆ ಮಾಡಿ. ಹುಡುಕಿದ್ದು ದೇಶದ ರಹಸ್ಯ. ಸಿಕ್ಕಿದ್ದು ಒಬ್ಬ ಮನುಷ್ಯನ ಸಣ್ಣತನ. ಅದು ತಪ್ಪೇ, ನಾನು ಸಮರ್ಥಿಸ್ತಿಲ್ಲ. ಆದರೆ ಅದು ದೇಶದ ಭದ್ರತೆಗೆ ಸಂಬಂಧಪಟ್ಟ ತಪ್ಪಲ್ಲ. ನಮ್ಮ ನಿಮ್ಮ ಯಾರ ಮನೆಯ ಗೋಡೆಗೇ ಮೈಕ್ ಇಟ್ಟರೂ ಏನಾದರೊಂದು ಸಿಕ್ಕೇ ಸಿಗುತ್ತೆ. ಗೂಢಚಾರಿಕೆ ಸಿಗಲ್ಲ, ಮುಜುಗರ ಸಿಗುತ್ತೆ. ತನಿಖೆ ಮಾಡೋರಿಗೆ ಎಷ್ಟೋ ಸಲ ಅದೂ ಸಾಕಾಗುತ್ತೆ.

ನಮ್ಮವರು ಗೂಢಚಾರನನ್ನ ಕಂಡಿದ್ದೇ ಬೇರೆ ಥರ. 1968ರಲ್ಲಿ ‘ಜೇಡರ ಬಲೆ’ ಬಂತು. ದೊರೈ-ಭಗವಾನ್ ಜೋಡಿ, ಡಾ. ರಾಜ್‌ಕುಮಾರ್ ಸಿಐಡಿ 999. ಸೂಟು, ಬೂಟು, ಪಿಸ್ತೂಲು. ಅಣ್ಣಾವ್ರು ಬಂದು ನಿಂತರೆ ಸಾಕು, ವಿಲನ್ ಅರ್ಧ ಸೋತ ಹಾಗೆ. ಆಮೇಲೆ ಗೋವಾದಲ್ಲೂ ಸಿಐಡಿ 999, ಆಪರೇಷನ್ ಜಾಕ್‌ಪಾಟ್‌ನಲ್ಲೂ ಸಿಐಡಿ 999. ಆ ಸಿನಿಮಾಗಳಲ್ಲಿ ಗೂಢಚಾರನಿಗೆ ಎಲ್ಲ ಗೊತ್ತಿರುತ್ತೆ, ಲೋಕಕ್ಕೆ ಅವನು ಯಾರು ಅಂತ ಗೊತ್ತಿರಲ್ಲ. ಪೆರಾಂ ಸಿನಿಮಾ ಅದನ್ನ ತಲೆಕೆಳಗು ಮಾಡಿಬಿಡುತ್ತೆ. ಸಂಗೀತ ಕೂಡ ಹಾಗೇ. ಬಾಂಡ್ ಸಿನಿಮಾದ ಅಬ್ಬರ ಇಲ್ಲ. ವ್ಲಾದಿಮಿರ್ ಕೊಸ್ಮಾ ಅನ್ನೋ ಸಂಗೀತ ನಿರ್ದೇಶಕ ರೊಮೇನಿಯಾದವನು, ತನ್ನ ನಾಡಿನ ಕೊಳಲು ತಂದಿದ್ದಾನೆ. ಸಾಲಾಗಿ ಜೋಡಿಸಿದ ಕೊಳವೆಗಳ ಪ್ಯಾನ್ ಫ್ಲೂಟ್, ನುಡಿಸಿದವನು ಗ್ಯೋರ್ಗೆ ಜಾಂಫಿರ್. ಆ ಟ್ಯೂನ್ ಕೇಳಿದರೆ ಯಾರೋ ಕುರಿ ಕಾಯೋನು ದಾರಿ ತಪ್ಪಿ ಪ್ಯಾರಿಸ್ಸಿಗೆ ಬಂದ ಹಾಗೆ ಅನಿಸುತ್ತೆ. ಆ ಪಾತ್ರಕ್ಕೆ ಅದಕ್ಕಿಂತ ಒಪ್ಪೋ ಸಂಗೀತ ಇನ್ನೊಂದಿಲ್ಲ.

1973ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಬೆಳ್ಳಿ ಕರಡಿ ಬಂತು. 1974ರಲ್ಲಿ ಎರಡನೇ ಭಾಗ ಮಾಡಿದರು. 1985ರಲ್ಲಿ ಹಾಲಿವುಡ್‌ನವರು ಇದನ್ನೇ ರೀಮೇಕ್ ಮಾಡಿದರು. ಅಲ್ಲಿ ಶೂ ಕೆಂಪಾಯ್ತು, ನಾಯಕ ಆಗಿನ್ನೂ ಯುವಕನಾಗಿದ್ದ ಟಾಮ್ ಹ್ಯಾಂಕ್ಸ್. ನನ್ನ ಪ್ರಕಾರ ಅದು ಸಪ್ಪೆ. ಕಾರಣ ಟಾಮ್ ಹ್ಯಾಂಕ್ಸ್ ಅಲ್ಲ. ಫ್ರೆಂಚ್ ಸಿನಿಮಾದಲ್ಲಿ ದೊಡ್ಡವರು ಒಬ್ಬರನ್ನೊಬ್ಬರು ದ್ವೇಷಿಸೋದು ನಿಜವಾದ ದ್ವೇಷ. ಜಾನ್ ರೋಶ್‌ಫೋರ್ ತುಲೂಸ್ ಆಗಿ ತಣ್ಣಗೆ ನಗ್ತಾನಲ್ಲ, ಬೆನ್ನಲ್ಲಿ ಚಳಿ ಹತ್ತುತ್ತೆ. ಬೆರ್ನಾರ್ ಬ್ಲಿಯೆ ಮಾಡಿರೋ ಮಿಲಾನ್‌ನ ಮುಖದಲ್ಲಿ ವರ್ಷಗಟ್ಟಲೆ ಎರಡನೇ ಸ್ಥಾನದಲ್ಲಿ ಕೂತವನ ಹೊಟ್ಟೆಕಿಚ್ಚು ಕಾಣುತ್ತೆ. ಕಚೇರಿಯಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ಈ ಇಬ್ಬರೂ ಗೊತ್ತಿರ್ತಾರೆ.

ಇದೆಲ್ಲ ಬರೀ ಕಲ್ಪನೆ ಅಂದುಕೊಂಡ್ರಾ? ಇಲ್ಲ. 1971ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ಬಂದರಿನಲ್ಲಿ ರೋಜೆ ದೆಲೂಎತ್ ಅನ್ನೋ ಫ್ರೆಂಚ್ ಮನುಷ್ಯ ಸಿಕ್ಕಿಬಿದ್ದ. ಅವನ ಫೋಕ್ಸ್‌ವ್ಯಾಗನ್ ಗಾಡಿಯಲ್ಲಿ ಸುಮಾರು 44 ಕೆಜಿ ಹೆರಾಯಿನ್. ವಿಚಾರಣೆಯಲ್ಲಿ ಅವನು ಹೇಳಿದ್ದು, ‘ನನಗೆ ಈ ಕೆಲಸ ಒಪ್ಪಿಸಿದ್ದು ಫ್ರಾನ್ಸಿನ ಗೂಢಚಾರ ಇಲಾಖೆಯ ಕರ್ನಲ್’ ಅಂತ. ಅಮೆರಿಕದ ಸರ್ಕಾರಿ ವಕೀಲರು ಆ ಕರ್ನಲ್ ಮೇಲೆ ಆರೋಪ ಹೊರಿಸಿದರು. ಎರಡು ದೇಶಗಳ ಮಧ್ಯೆ ದೊಡ್ಡ ರಂಪ ಆಯ್ತು. ಅದಾದ ಮುಂದಿನ ವರ್ಷವೇ ಈ ಸಿನಿಮಾ. ನ್ಯೂಯಾರ್ಕ್, ಹೆರಾಯಿನ್, ಕರ್ನಲ್, ಎಲ್ಲ ಅದೇ. ಪೇಪರ್ ಓದುತ್ತಿದ್ದ ಫ್ರೆಂಚ್ ಪ್ರೇಕ್ಷಕನಿಗೆ ಇದು ಯಾರ ಕಥೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಫ್ರಾನ್ಸಿನ ಕಥೆ ಫ್ರಾನ್ಸಿಗಾಯ್ತು. ಈಗ ನಮ್ಮ ದೇಶಕ್ಕೆ ಬನ್ನಿ. 1994.

ಆ ವರ್ಷ ಸೂರತ್‌ನಲ್ಲಿ ಪ್ಲೇಗ್ ಬಂದಿತ್ತು, ನೆನಪಿದೆಯಾ? ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡ್ತಿದ್ರು. ಹಲವು ವಿಮಾನಗಳು ರದ್ದಾದವು. ಆ ಸಮಯದಲ್ಲಿ ಮಾಲ್ಡೀವ್ಸ್‌ನ ಮರಿಯಂ ರಶೀದಾ ಅನ್ನೋ ಮಹಿಳೆ ತಿರುವನಂತಪುರದಲ್ಲಿದ್ರು. ವಾಪಸ್ ಹೋಗೋಕೆ ವಿಮಾನ ಇಲ್ಲ. ವೀಸಾ ಅವಧಿ ಮುಗಿಯಿತು. ಅಕ್ಟೋಬರ್ 20ರಂದು ಬಂಧನ. ಅವರಿದ್ದ ಹೋಟೆಲ್‌ನಿಂದ ಇಸ್ರೋ ವಿಜ್ಞಾನಿಯೊಬ್ಬರ ಫೋನಿಗೆ ಕರೆ ಹೋಗಿತ್ತು. ಸಾಕಲ್ವಾ? ಕ್ರಯೋಜೆನಿಕ್ ಎಂಜಿನ್ ರಹಸ್ಯ ಪಾಕಿಸ್ತಾನಕ್ಕೆ ಮಾರಾಟ ಅನ್ನೋ ಕಥೆ ಹುಟ್ಟಿಕೊಳ್ತು. ಇನ್ನೊಂದು ವಿಷಯ. ಆಗ ನಮ್ಮ ಬಳಿ ಕ್ರಯೋಜೆನಿಕ್ ತಂತ್ರಜ್ಞಾನವೇ ಇರಲಿಲ್ಲ! ರಷ್ಯಾದ ಗ್ಲಾವ್‌ಕಾಸ್ಮೋಸ್‌ನಿಂದ ತಗೋಬೇಕು ಅಂತ ಒಪ್ಪಂದ ಆಗಿತ್ತು, ಅಮೆರಿಕದ ಒತ್ತಡಕ್ಕೆ ರಷ್ಯಾ 1993ರಲ್ಲಿ ತಂತ್ರಜ್ಞಾನ ಕೊಡೋದಿಲ್ಲ ಅಂದಿತ್ತು. ಇಲ್ಲದ ವಸ್ತುವನ್ನ ಮಾರಿದ ಆರೋಪ. ಇಲ್ಲದ ಏಜೆಂಟನ್ನ ಓರ್ಲಿಯಲ್ಲಿ ಇಳಿಸಿದ ಹಾಗೇ.

ಅದೇ ಅಕ್ಟೋಬರ್ 15ರಂದು, ಅಂದರೆ ರಶೀದಾ ಬಂಧನಕ್ಕೆ ಐದು ದಿನ ಮೊದಲು, ಪಿಎಸ್‌ಎಲ್‌ವಿ ರಾಕೆಟ್ ಮೊದಲ ಸಲ ಯಶಸ್ವಿಯಾಗಿ ಹಾರಿತ್ತು. ಅದರಲ್ಲಿದ್ದ ವಿಕಾಸ್ ಎಂಜಿನ್ ಹಿಂದಿನ ತಂಡದ ಮುಖ್ಯಸ್ಥ ನಂಬಿ ನಾರಾಯಣನ್. ನವೆಂಬರ್ 1ರಂದು ಅವರು ಸ್ವಯಂ ನಿವೃತ್ತಿ ಕೇಳಿ ಅರ್ಜಿ ಕೊಟ್ಟರು. ಆ ತಿಂಗಳ 30ಕ್ಕೆ ಅವರೂ ಬಂಧನ. ಆಗ ಆ ನಿವೃತ್ತಿ ಅರ್ಜಿಯೂ ಅನುಮಾನದ ವಸ್ತುವಾಯ್ತು! ಯಾಕೆ ಕೆಲಸ ಬಿಡ್ತಿದ್ದ? ಎಲ್ಲಿಗೆ ಹೋಗೋನಿದ್ದ? ಒಂದು ಕಪ್ಪು ಶೂ, ಒಂದು ಕಂದು ಶೂ.

50 ದಿನ ಜೈಲು. ಹೊಡೆತ. ಪತ್ರಿಕೆಗಳಲ್ಲಿ ದಿನಕ್ಕೊಂದು ರಸವತ್ತಾದ ಕಥೆ. ಮನೆಯವರು ರಸ್ತೆಗೆ ಇಳಿಯೋ ಹಾಗಿಲ್ಲ.

ಇಲ್ಲೂ ಕುರ್ಚಿ ಇತ್ತಾ? ಇತ್ತು. ಕೇರಳದ ಮುಖ್ಯಮಂತ್ರಿ ಕೆ. ಕರುಣಾಕರನ್. ಅವರಿಗೆ ಹತ್ತಿರದವರು ಅನಿಸಿಕೊಂಡ ಹಿರಿಯ ಪೊಲೀಸ್ ಅಧಿಕಾರಿಯ ಹೆಸರೂ ಈ ಕೇಸಿಗೆ ಎಳೆದು ತರಲಾಯ್ತು. ಅವರದೇ ಪಕ್ಷದ ಎದುರು ಬಣ ಅದನ್ನೇ ಹಿಡ್ಕೊಂಡು ಕೂತ್ಕೊಳ್ತು. 1995ರ ಮಾರ್ಚ್‌ನಲ್ಲಿ ಕರುಣಾಕರನ್ ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಬದಲಾದರು. ಕುರ್ಚಿಯ ಕೆಲಸ ಅಲ್ಲಿಗೆ ಮುಗೀತು. ಆರೋಪಿಗಳದ್ದು ಮುಗೀಲಿಲ್ಲ.

1996ರಲ್ಲಿ ಸಿಬಿಐ, ಆರೋಪದಲ್ಲಿ ಹುರುಳಿಲ್ಲ ಅಂತ ವರದಿ ಕೊಡ್ತು. ಕೇರಳ ಸರ್ಕಾರ ಬಿಡಲಿಲ್ಲ, ಮತ್ತೆ ತನಿಖೆ ಮಾಡ್ತೀವಿ ಅಂತ ಹೊರಟಿತು. 1998ರ ಏಪ್ರಿಲ್ 29ಕ್ಕೆ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. 2018ರ ಸೆಪ್ಟೆಂಬರ್ 14ರಂದು, ನಂಬಿಯವರ ಬಂಧನವೇ ಅನಗತ್ಯವಾಗಿತ್ತು ಅಂತ ಅದೇ ಕೋರ್ಟ್ ಹೇಳಿ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮರುವರ್ಷ ಪದ್ಮಭೂಷಣ. 2022ರಲ್ಲಿ ಆರ್. ಮಾಧವನ್ ಸಿನಿಮಾ ಮಾಡಿದರು, ‘ರಾಕೆಟ್ರಿ’. ನೀವು ನೋಡಿರ್ತೀರಿ. ಕಣ್ಣೀರೂ ಹಾಕಿರ್ತೀರಿ.

ಆದರೆ ಆ ಕೇಸಿನಲ್ಲಿ ನಂಬಿಯವರೊಬ್ಬರೇ ಇರಲಿಲ್ಲ. ಇಬ್ಬರು ಬೆಂಗಳೂರಿನವರಿದ್ರು. ಅವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಒಬ್ಬರು ಕೆ. ಚಂದ್ರಶೇಖರ್, ಗ್ಲಾವ್‌ಕಾಸ್ಮೋಸ್‌ನ ಭಾರತದ ಪ್ರತಿನಿಧಿ. ಇನ್ನೊಬ್ಬರು ಎಸ್.ಕೆ. ಶರ್ಮಾ, ಲೇಬರ್ ಕಾಂಟ್ರಾಕ್ಟರ್. ರಾಕೆಟ್ಟಿಗೂ ಶರ್ಮಾ ಅವರಿಗೂ ಏನು ಸಂಬಂಧ? ಇದೇ ಕೇಸಿನ ಇನ್ನೊಬ್ಬ ಮಾಲ್ಡೀವ್ಸ್ ಮಹಿಳೆ ಫೌಸಿಯಾ ಹಸನ್ ಅವರ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಳು. ಪರಿಚಯದ ಎಳೆ ಆ ಸ್ಕೂಲ್ ಅಡ್ಮಿಷನ್ ಸುತ್ತ ಇತ್ತು. ಬೆಂಗಳೂರಿನಲ್ಲಿ ಮಕ್ಕಳಿಗೆ ಸೀಟು ಕೊಡಿಸೋಕೆ ಯಾರು ಯಾರ ಹತ್ತಿರ ಹೋಗಲ್ಲ ಹೇಳಿ? ‘ನಮ್ಮವರದ್ದೊಂದು ಮಗು ಇದೆ, ಸ್ವಲ್ಪ ನೋಡಿ ಸಾರ್’ ಅಂತ ಕೇಳದೇ ಇರೋ ಮನುಷ್ಯ ಈ ಊರಲ್ಲಿ ಇದ್ದಾನಾ? ಆ ಒಂದು ಸಹಾಯ ಗೂಢಚಾರ ಜಾಲದ ಕೊಂಡಿ ಆಗಿಬಿಡ್ತು.

1998ರ ಆ ತೀರ್ಪು ಇವತ್ತಿಗೂ ಕಾನೂನು ಪುಸ್ತಕದಲ್ಲಿ ಚಂದ್ರಶೇಖರ್ ಅವರ ಹೆಸರಲ್ಲೇ ಇದೆ, ಕೆ. ಚಂದ್ರಶೇಖರ್ ವರ್ಸಸ್ ಸ್ಟೇಟ್ ಆಫ್ ಕೇರಳ. ಆಗ ಕೋರ್ಟ್ ಪ್ರತಿಯೊಬ್ಬರಿಗೂ ಒಂದು ಲಕ್ಷ ರೂಪಾಯಿ ಕೊಡಿಸಿತ್ತು. 2018ರ ತೀರ್ಪಿಗೂ ಅವರು ಕಾಯ್ತಾ ಇದ್ರು. ಸೆಪ್ಟೆಂಬರ್ 14ರ ಬೆಳಿಗ್ಗೆ, ತೀರ್ಪು ಬರೋಕೆ ಕೆಲವೇ ಗಂಟೆ ಮುಂಚೆ, ಬೆಂಗಳೂರಿನ ಆಸ್ಪತ್ರೆಯಲ್ಲಿ ಕೋಮಾಕ್ಕೆ ಹೋದರು. ಎರಡು ದಿನದ ನಂತರ ತೀರಿಕೊಂಡರು. ತೀರ್ಪು ಏನಾಯ್ತು ಅಂತ ಅವರ ಕಿವಿಗೆ ಬೀಳಲೇ ಇಲ್ಲ. ಶರ್ಮಾ ಅವರೂ ಆ ವರ್ಷವೇ ಹೋಗಿಬಿಟ್ಟರು, ನವೆಂಬರ್‌ನಲ್ಲಿ, ಕ್ಯಾನ್ಸರ್‌ನಿಂದ.

ಈ ಇಬ್ಬರ ಮೇಲೆ ಯಾರೂ ಸಿನಿಮಾ ಮಾಡಿಲ್ಲ.

ಕೆಲವರು ಕೇಳ್ತೀರಿ, ‘ಹಾಗಾದರೆ ಗೂಢಚಾರರೇ ಇಲ್ವಾ? ಸಾಮಾನ್ಯ ಜನ ಯಾರೂ ಮೋಸ ಹೋಗಿ ಮಾಹಿತಿ ಕೊಡಲ್ವಾ?’ ಕೊಡ್ತಾರೆ. ಇದನ್ನ ಮುಚ್ಚಿಡೋದು ಸರಿಯಲ್ಲ. 2025ರ ಫೆಬ್ರವರಿಯಲ್ಲಿ ಕಾರವಾರದ ಕದಂಬ ನೌಕಾನೆಲೆಯ ಮಾಹಿತಿಯನ್ನ ಪಾಕಿಸ್ತಾನದ ಕಡೆಯವರಿಗೆ ಕೊಟ್ಟ ಆರೋಪದ ಮೇಲೆ ಉತ್ತರ ಕನ್ನಡದ ಇಬ್ಬರನ್ನ ಎನ್‌ಐಎ ಬಂಧಿಸಿತು. ಸೋಷಿಯಲ್ ಮೀಡಿಯಾದಲ್ಲಿ ಮಹಿಳೆ ಹೆಸರಿನಲ್ಲಿ ಸ್ನೇಹ, ಆಮೇಲೆ ಒಂದಿಷ್ಟು ದುಡ್ಡು, ಆಮೇಲೆ ಫೋಟೋ ಕಳಿಸು ಅನ್ನೋ ಬೇಡಿಕೆ. ಆರೋಪ ಇರೋದು ಈ ರೀತಿ. ಇಂಥ ಬಲೆ ಇದೆ, ಬೀಳೋರೂ ಇದ್ದಾರೆ. ಅದಕ್ಕೆ ತನಿಖಾ ಸಂಸ್ಥೆಗಳು ಕಣ್ಣಿಟ್ಟಿರಲೇಬೇಕು. ಆದರೆ ಅಲ್ಲಿ ಹುಡುಕಬೇಕಾದ್ದು ಏನು? ಹಣ ಎಲ್ಲಿಂದ ಬಂತು, ಯಾವ ಫೋಟೋ ಯಾವ ದಿನ ಯಾರಿಗೆ ಹೋಯ್ತು. ಇವು ಸಿಕ್ಕರೆ ಕೇಸ್ ಇದೆ, ಸಿಗದಿದ್ದರೆ ಇಲ್ಲ. ಮಿಲಾನ್ ಹುಡುಕೋದು ಇದನ್ನಲ್ಲ. ಅವನು ಮೊದಲು ಗೂಢಚಾರನನ್ನ ಒಪ್ಪಿಕೊಂಡು ಆಮೇಲೆ ಅವನ ಶೂ ನೋಡ್ತಾನೆ.

ನಮ್ಮ ಕಾಲದಲ್ಲಿ ಪೆರಾಂ ಓರ್ಲಿಯಲ್ಲಿ ಇಳಿದಿದ್ದರೆ ಏನಾಗ್ತಿತ್ತು ಅಂತ ನಾನು ಯೋಚನೆ ಮಾಡಿದ್ದೀನಿ. ಮಿಲಾನ್ ಮೈಕ್ ಇಡೋ ಕಷ್ಟವೇ ಬೇಡ. ಯಾರೋ ಒಬ್ಬರು ಮೊಬೈಲ್‌ನಲ್ಲಿ ಫೋಟೋ ಹೊಡೀತಾರೆ. ಅರ್ಧ ಗಂಟೆಯಲ್ಲಿ ಸ್ಕ್ರೀನ್ ಕೆಳಗಡೆ ಕೆಂಪು ಪಟ್ಟಿ ಓಡುತ್ತೆ: ‘ಒಂದು ಕಪ್ಪು, ಒಂದು ಕಂದು, ಏನಿದರ ಗುಟ್ಟು?’ ಪಿಟೀಲು ಪೆಟ್ಟಿಗೆಗೆ ಕೆಂಪು ವೃತ್ತ. ಸ್ಟುಡಿಯೋದಲ್ಲಿ ನಾಲ್ಕು ಜನ ನಿವೃತ್ತ ಅಧಿಕಾರಿಗಳು. ರಾತ್ರಿ ಒಂಬತ್ತಕ್ಕೆ ಅವನ ಡೆಂಟಿಸ್ಟ್ ಮನೆ ಮುಂದೆ ಲೈವ್ ವ್ಯಾನ್. ಅವನ ಹೆಸರು ಇಡೀ ದೇಶಕ್ಕೆ ಗೊತ್ತು. ಬಿಡುಗಡೆ ಆದ ದಿನ ಮಾತ್ರ ಬೇರೆ ಯಾವುದೋ ದೊಡ್ಡ ಸುದ್ದಿ ಇರುತ್ತೆ. ಇದು ನಾನು ಅನ್ನ ತಿನ್ನೋ ಕಸುಬು, ಅದಕ್ಕೇ ಇದರ ಓಟ ಗೊತ್ತು. ಟಿವಿಯ ಕಣ್ಣಿಗೂ ಕಾಮಾಲೆ ಹತ್ತುತ್ತೆ.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ಸಿನಿಮಾ ಬರೋಕೆ ಎರಡು ವರ್ಷ ಮುಂಚೆ, 1970ರ ಜುಲೈನಲ್ಲಿ, ಫ್ರಾನ್ಸಿನವರು ತಮ್ಮ ಸಿವಿಲ್ ಕೋಡ್‌ನ 9ನೇ ಕಲಮಿನಲ್ಲಿ ಒಂದು ಹಕ್ಕು ಬರೆದುಕೊಂಡರು. ಪ್ರತಿಯೊಬ್ಬನ ಖಾಸಗಿ ಬದುಕಿಗೂ ಗೌರವ ಸಿಗಬೇಕು ಅನ್ನೋದು ಅದರ ಸಾರ. ಪ್ರಾಮಾಣಿಕನಿಗೆ ಮಾತ್ರ ಅಂತಿಲ್ಲ, ಗೆಳೆಯನ ಹೆಂಡತಿ ಜೊತೆ ಸಂಬಂಧ ಇಟ್ಟುಕೊಂಡ ಪೆರಾಂಗೂ ಸೇರಿ ಎಲ್ಲರಿಗೂ. ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸ್ ಹಾಕಿದ್ದು ಯಾರು ಗೊತ್ತಾ? ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದವರು. 2024ರಲ್ಲಿ ತೀರಿಕೊಂಡರು. ಗೂಢಚಾರ ಸಿನಿಮಾ ನೋಡೋವಾಗ ಅವರ ನೆನಪು ಯಾಕೆ ಬಂತು ಅಂದ್ರೆ, ಆ ವ್ಯಾನಿನೊಳಗೆ ಕೂತು ಇನ್ನೊಬ್ಬರ ಮನೆಯ ಮಾತು ಕೇಳಿಸಿಕೊಳ್ಳೋರಿಗೆ ‘ನಿಲ್ಲಿ, ಯಾವ ಕಾನೂನಿನಡಿ ಕೇಳ್ತಿದ್ದೀರಿ?’ ಅಂತ ಕೇಳೋ ಅಧಿಕಾರ ನನಗೆ ನಿಮಗೆ ಈಗ ಇರೋದು ಆ ತೀರ್ಪಿನಿಂದ.

ಸರಿ, ಪೆರಾಂ ಕಥೆ ಏನಾಯ್ತು? ಅವನನ್ನ ಬಲೆಗೆ ಬೀಳಿಸೋಕೆ ಮಿಲಾನ್ ಕ್ರಿಸ್ಟೀನ್ ಅನ್ನೋ ಸುಂದರಿಯನ್ನ ಬಿಟ್ಟಿರ್ತಾನೆ. ಮಿರೇಯ್ ದಾರ್ಕ್ ಆ ಪಾತ್ರ ಮಾಡಿದ್ದಾರೆ. ಮುಂದಿನಿಂದ ಕುತ್ತಿಗೆವರೆಗೆ ಮುಚ್ಚಿದ, ತಿರುಗಿ ನಿಂತರೆ ಬೆನ್ನೇ ಇಲ್ಲದ ಅವರ ಕಪ್ಪು ಡ್ರೆಸ್ ಫ್ರಾನ್ಸಿನಲ್ಲಿ ಇವತ್ತಿಗೂ ಮಾತು. ಬಲೆ ಬೀಸೋಕೆ ಬಂದವಳೇ ಈ ಪೆದ್ದನ ಪ್ರೀತಿಗೆ ಬೀಳ್ತಾಳೆ. ಮಿಲಾನ್ ಗುಂಡೇಟಿಗೆ ಸಾಯ್ತಾನೆ. ಪೆರಾಂ ದೊಡ್ಡದೊಂದು ಟ್ರಂಕ್ ತಳ್ಳಿಕೊಂಡು ರಿಯೋ ವಿಮಾನ ಹತ್ತೋಕೆ ಹೊರಡ್ತಾನೆ, ಟ್ರಂಕ್ ಒಳಗೆ ಕ್ರಿಸ್ಟೀನ್. ದೂರದಿಂದ ಕರ್ನಲ್ ತುಲೂಸ್ ನೋಡ್ತಾ ಇರ್ತಾನೆ. ಇಷ್ಟೆಲ್ಲ ಹೆಣ ಬಿದ್ದ ಮೇಲೂ ಅವನ ಮುಖದಲ್ಲಿ ಅದೇ ತಣ್ಣನೆಯ ನಗೆ. ಪಕ್ಕದಲ್ಲಿದ್ದ ಸಹಾಯಕನಿಗೆ ಹೇಳ್ತಾನೆ, ಈ ಹುಡುಗ ರಿಯೋದಿಂದ ವಾಪಸ್ ಬಂದ ಮೇಲೆ ಸಂಪರ್ಕ ಮಾಡು, ಪರವಾಗಿಲ್ಲ, ಚೆನ್ನಾಗೇ ನಿಭಾಯಿಸ್ತಾನೆ, ಅಂತ.